ಡಾಕ್ಟರ ಬೋರ್ಡು, ಆಸ್ಪತ್ರೆಯ ಕಾರ್ಡು

ಚಳ್ಳಕೆರೆ, ಮೊಳಕಾಲ್ಮೂರು ಕಡೆ ರಾತ್ರಿ ಹೊತ್ತು ರೋಗಿಯನ್ನು ಹೊತ್ತುಕೊಂಡು ಬಂದವರು ಆಸ್ಪತ್ರೆಯ ಬಾಗಿಲಲ್ಲಿ ಎರಡು ಮಾತು ಕೇಳುತ್ತಾರೆ: ‘ದೊಡ್ಡ ಡಾಕ್ಟ್ರು ಇದಾರಾ? ಕಾರ್ಡು ನಡೀತದಾ?’ ಒಂದೇ ಉಸಿರಿನಲ್ಲಿ ಬರುವುದರಿಂದ ಎರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ಅಲ್ಲ. ಬಸ್ಸಿನಲ್ಲಿ ಲೈಸೆನ್ಸು ಡ್ರೈವರದು, ಪರ್ಮಿಟ್ಟು ಬಸ್ಸಿನದು. ಇಲ್ಲೂ ಹಾಗೇ: ಪದವಿ ಮತ್ತು ನೋಂದಣಿ ವೈದ್ಯರದು, ಸರ್ಕಾರದ ಆರೋಗ್ಯ ಕಾರ್ಡಿನ ಒಪ್ಪಂದ ಆಸ್ಪತ್ರೆಯದು. ಹೊಸಬರು ಇಷ್ಟನ್ನು ಹಿಡಿದುಕೊಂಡರೆ ಮುಂದಿನದು ಸಲೀಸು.

ಮೊದಲು ವೈದ್ಯರ ಬೋರ್ಡು ಓದೋಣ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅದು ಮುಗಿದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಅಂದರೆ ಕೆಎಂಸಿಯಲ್ಲಿ, ಹೆಸರು ನೋಂದಾಯಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ನನ್ನ ಕೇಳಿದರೆ ಬೋರ್ಡಿನ ಮೇಲಿರುವ ಉದ್ದನೆಯ ಅಕ್ಷರಮಾಲೆಗಿಂತ ಈ ಸಂಖ್ಯೆಗೇ ತೂಕ ಹೆಚ್ಚು. ಅದನ್ನು ದವಾಖಾನೆಯಲ್ಲಿ, ಔಷಧ ಚೀಟಿಯಲ್ಲಿ, ಹಣದ ರಸೀದಿಯಲ್ಲಿ ಕಾಣುವಂತೆ ಹಾಕಬೇಕೆಂದು 2002ರ ವೈದ್ಯ ವೃತ್ತಿ ನಿಯಮಗಳೇ ಹೇಳುತ್ತವೆ. ಮಾನ್ಯತೆ ಇಲ್ಲದ ಡಿಗ್ರಿಯನ್ನು ಹೆಸರಿನ ಮುಂದೆ ಅಂಟಿಸಿಕೊಳ್ಳಬಾರದು ಎಂದೂ ಅವೇ ನಿಯಮಗಳು ಹೇಳುತ್ತವೆ. ಆಯುರ್ವೇದದ ಬಿಎಎಂಎಸ್ ಓದಿದವರ ನೋಂದಣಿ ಬೇರೆ ಮಂಡಳಿಯಲ್ಲಿ. ಖಾಸಗಿ ನರ್ಸಿಂಗ್ ಹೋಂಗಳಲ್ಲಿ ರಾತ್ರಿ ಪಾಳಿಗೆ ಅವರೂ ಇರುವುದುಂಟು. ಯಾರು ನೋಡುತ್ತಿದ್ದಾರೆಂದು ಕೇಳುವುದರಲ್ಲಿ ಅಗೌರವ ಏನಿಲ್ಲ.

ಇನ್ನು ತುರ್ತು ಚಿಕಿತ್ಸೆಯ ತಜ್ಞರು. ನಮ್ಮ ದೇಶದಲ್ಲಿ ಇದು ಎಳೆಯ ವಿಭಾಗ. ತುರ್ತು ಚಿಕಿತ್ಸೆಯ ಎಂಡಿಗೆ ಭಾರತೀಯ ವೈದ್ಯಕೀಯ ಮಂಡಳಿಯ ಮನ್ನಣೆ ಸಿಕ್ಕಿದ್ದೇ 2009ರಲ್ಲಿ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಓದು ಅದು. ಅದೇ ವಿಷಯದ ಡಿಎನ್‌ಬಿ ಪದವಿಯೂ ಇದೆ. ಇವಲ್ಲದೆ ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ ‘ಎಂಇಎಂ’ ಎಂಬ ತರಬೇತಿ, ಬ್ರಿಟನ್ನಿನ ‘ಎಂಆರ್‌ಸಿಇಎಂ’ ಪರೀಕ್ಷೆ ಮಾಡಿಕೊಂಡವರು ಸಿಗುತ್ತಾರೆ. ಕೆಲಸ ಚೆನ್ನಾಗಿ ಬಲ್ಲವರು ಅವರಲ್ಲಿ ಎಷ್ಟೋ ಜನ. ಆದರೂ ಎಂಡಿ, ಡಿಎನ್‌ಬಿಗಳ ಸಾಲಿಗೆ ಅವು ಬರುವುದಿಲ್ಲ ಎಂಬುದು ತಿಳಿದಿರಲಿ.

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಇಂಥ ಎಂಡಿ ಸಿಗುವುದು ಅಪರೂಪ. ಅಲ್ಲಿ ಕೂತಿರುವವರು ಸಾಮಾನ್ಯವಾಗಿ ಎಂಬಿಬಿಎಸ್ ಡ್ಯೂಟಿ ಡಾಕ್ಟರು. ಹಾಗೆಂದು ಅವರನ್ನು ದಾಟಿ ನೇರ ಚಿತ್ರದುರ್ಗಕ್ಕೋ ಬಳ್ಳಾರಿಗೋ ಗಾಡಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಶೇಂಗಾ ಹೊಲದಲ್ಲಿ ಹಾವು ಕಚ್ಚಿತು ಅನ್ನಿ. ಬೇಕಾಗಿರುವುದು ಪ್ರತಿವಿಷದ ಇಂಜೆಕ್ಷನ್. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಒಂದೇ ಔಷಧ ಕೆಲಸ ಮಾಡುತ್ತದೆ. ಹಾವನ್ನು ಹೊಡೆದು ಚೀಲದಲ್ಲಿ ತರಬೇಕಾದ್ದಿಲ್ಲ. ಆ ಇಂಜೆಕ್ಷನ್ ಕೊಡಲು ಎಂಡಿ ಬೇಡ, ಹೊತ್ತು ಮೀರದಿರಬೇಕು ಅಷ್ಟೆ. ಎದೆನೋವಿನದೂ ಇದೇ ಕಥೆ. 2021ರಲ್ಲಿ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಅದಕ್ಕೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ತಜ್ಞರಿಗೆ ಕಳಿಸುತ್ತಾರೆ; ಅವರು ಹೇಳಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಸ್ಥಳದಲ್ಲೇ, ಪುಕ್ಕಟೆಯಾಗಿ ಕೊಡುತ್ತಾರೆ. ಹತ್ತಾರು ಸಾವಿರ ರೂಪಾಯಿಯ ಔಷಧ ಅದು. ತಜ್ಞರು ಫೋನಿನ ಆ ಕಡೆ ಇದ್ದಾರೆ, ಸೂಜಿ ಹಿಡಿದವರು ಡ್ಯೂಟಿ ಡಾಕ್ಟರು. ನಮ್ಮಂಥ ಬಯಲುಸೀಮೆಗೆ ಇದಕ್ಕಿಂತ ಸರಿಯಾದ ಏರ್ಪಾಡು ನನಗೆ ಹೊಳೆಯುವುದಿಲ್ಲ. ಮುಂದಿನ ಊರಿಗೆ ಕಳಿಸಬೇಕೆಂದರೆ 108 ಆಂಬುಲೆನ್ಸ್ ಇದೆ.

ಈಗ ಕಾರ್ಡು. 2018ರ ಮಾರ್ಚಿನಲ್ಲಿ ರಾಜ್ಯ ‘ಆರೋಗ್ಯ ಕರ್ನಾಟಕ’ ಶುರು ಮಾಡಿತು, ಸೆಪ್ಟೆಂಬರಿನಲ್ಲಿ ಕೇಂದ್ರ ‘ಆಯುಷ್ಮಾನ್ ಭಾರತ್’ ತಂದಿತು, ಅಕ್ಟೋಬರ್ ಕೊನೆಗೆ ಎರಡನ್ನೂ ಕೂಡಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಜನ ಇದನ್ನು ಇನ್ಶೂರೆನ್ಸ್ ಅನ್ನುತ್ತಾರೆ. ನಡುವೆ ವಿಮಾ ಕಂಪನಿ ಯಾವುದೂ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರಿ ಸಂಸ್ಥೆ ಆಸ್ಪತ್ರೆಗೆ ನೇರ ಹಣ ಕೊಡುತ್ತದೆ.

ಅಮೆರಿಕದಲ್ಲಿ ವಯಸ್ಸಾದವರ ಮೆಡಿಕೇರ್ ಯೋಜನೆಗೆ ವೈದ್ಯರು ಒಬ್ಬೊಬ್ಬರಾಗಿ ಹೆಸರು ಕೊಟ್ಟುಕೊಳ್ಳುತ್ತಾರೆ. ಅದಕ್ಕೇ ಅಲ್ಲಿರುವ ನಮ್ಮವರ ಮಕ್ಕಳು ‘ಆ ಡಾಕ್ಟರ್ ತಗೋತಾರಾ’ ಎಂದು ಕೇಳುವುದು. ಇಲ್ಲಿ ಹಾಗಿಲ್ಲ. ಟ್ರಸ್ಟಿನ ಪಟ್ಟಿಗೆ ಸೇರುವುದು ಆಸ್ಪತ್ರೆ, ಅದೂ ವಿಭಾಗದ ಲೆಕ್ಕದಲ್ಲಿ. ಮೂಳೆ ವಿಭಾಗಕ್ಕೆ ಒಪ್ಪಂದವಿರುವ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆಗೆ ಕಾರ್ಡು ನಡೆಯದೇ ಹೋಗಬಹುದು. ಹಾಗಾಗಿ ‘ಕಾರ್ಡು ನಡೀತದಾ’ ಎಂದಷ್ಟೇ ಕೇಳಬೇಡಿ, ‘ಈ ಕಾಯಿಲೆಗೆ ನಡೀತದಾ’ ಎಂದು ಕೇಳಿ. ನಮ್ಮ ಎರಡು ಪ್ರಶ್ನೆಗಳು ಒಂದನ್ನೊಂದು ಮುಟ್ಟುವುದೂ ಇಲ್ಲೇ: ಒಂದು ವಿಭಾಗಕ್ಕೆ ಪಟ್ಟಿಯಲ್ಲಿ ಜಾಗ ಬೇಕೆಂದರೆ ಆ ವಿಭಾಗದ ತಜ್ಞರು ತನ್ನಲ್ಲಿದ್ದಾರೆಂದು ಆಸ್ಪತ್ರೆ ತೋರಿಸಬೇಕು. ಕೇಳಬೇಕಾದ್ದು ಯೋಜನೆಯ ಆರೋಗ್ಯಮಿತ್ರರನ್ನು. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಅವರ ಮೇಜು ಇರುತ್ತದೆ.

ಮಾಮೂಲಿ ದಾರಿ ಎಂದರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ. ಆಮೇಲೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ. ಚೀಟಿ ಇಲ್ಲದೆ ಖಾಸಗಿಗೆ ಹೋದ ಎಷ್ಟೋ ಮನೆಯವರು ಇಲ್ಲೇ ಎಡವುತ್ತಾರೆ. ತುರ್ತಿಗೆ ಮಾತ್ರ ವಿನಾಯಿತಿ. ಸುಮಾರು 170 ತುರ್ತು ಚಿಕಿತ್ಸೆಗಳನ್ನು ಸರ್ಕಾರ ಬೇರೆಯಾಗಿ ಗುರುತಿಸಿದೆ. ಅವಕ್ಕೆ ಚೀಟಿ ಇಲ್ಲದೆ ನೇರ ಹೋಗಬಹುದು. ಒಂದು ಎಚ್ಚರ: ‘ತುರ್ತು’ ಎಂದು ತೀರ್ಮಾನಿಸುವುದು ಆ ಪಟ್ಟಿ, ನಮ್ಮ ಗಾಬರಿ ಅಲ್ಲ. ದಾಖಲಾಗದೆ ಮಾತ್ರೆ ಬರೆಸಿಕೊಂಡು ಮನೆಗೆ ಬಂದರೆ ಅದರ ಖರ್ಚು ಈ ಯೋಜನೆಯಲ್ಲಿ ಬರುವುದಿಲ್ಲ. ಪಡಿತರ ಚೀಟಿ, ಆಧಾರ್ ಎರಡರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ.

ಆಸ್ಪತ್ರೆ ಪಟ್ಟಿಯಲ್ಲೇ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ, ರೋಗಿ ಉಸಿರಿಗೆ ಒದ್ದಾಡುತ್ತಿದ್ದಾರೆ ಎಂದಾಗ? ಆಗ ಪದವಿ, ಕಾರ್ಡು ಎರಡೂ ಹಿಂದಕ್ಕೆ ಸರಿಯಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವ ಪ್ರಯತ್ನ ಮಾಡುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಖಚಿತವಾಗಿ ಹೇಳಿದೆ. ಕೆಪಿಎಂಇ ಎಂದು ಕರೆಯುವ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ತುರ್ತಿನಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು ಎನ್ನುತ್ತದೆ. ಆ ಕಾಯ್ದೆಯಡಿಯ ನೋಂದಣಿ ಪತ್ರ ಆಸ್ಪತ್ರೆಯ ಗೋಡೆಯ ಮೇಲೆ ತೂಗುಹಾಕಿರಬೇಕು. ಸುಮ್ಮನೆ ಹೋದಾಗ ಒಮ್ಮೆ ಕಣ್ಣಾಡಿಸಿ.

ಹಿರಿಯೂರು, ಚಳ್ಳಕೆರೆ, ರಾಂಪುರ ಮೇಲೆ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. ರಸ್ತೆ ಅಪಘಾತಕ್ಕೆ ಪ್ರತ್ಯೇಕ ಯೋಜನೆ ಇದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು, ಸಾಯುವ ಹೊತ್ತಿನಲ್ಲೂ ಅಂಗದಾನ ಮಾಡಿ ಎಂದು ಕೇಳಿಕೊಂಡ ಹರೀಶನ ಹೆಸರಿನಲ್ಲಿ ರಾಜ್ಯ ಆ ವರ್ಷವೇ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಕೊಡಲು ಶುರು ಮಾಡಿತ್ತು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆ ಬಂದಿದೆ: ಗಾಯಗೊಂಡ ಪ್ರತಿಯೊಬ್ಬರಿಗೂ ಏಳು ದಿನದೊಳಗೆ 1.5 ಲಕ್ಷದವರೆಗೆ. ಬಿಪಿಎಲ್ಲೋ ಎಪಿಎಲ್ಲೋ ಎಂದು ಅದು ನೋಡುವುದಿಲ್ಲ.

ಮೊಳಕಾಲ್ಮೂರಿನವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಜಿಲ್ಲೆ ಬೇರೆಯಾದರೂ ಕಾರ್ಡಿಗೆ ತೊಂದರೆಯಿಲ್ಲ. ಹಳಬರು ಇವತ್ತಿಗೂ ವಿಮ್ಸ್ ಎನ್ನುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಧೈರ್ಯವಾಗಿ ಹೋಗಿ. ಆಂಧ್ರದ ರಾಯದುರ್ಗದ ಕಡೆಯಿಂದ ಬರುವ ನೆಂಟರಲ್ಲಿ ಆಯುಷ್ಮಾನ್ ಕಾರ್ಡು ಇದ್ದರೆ ಅದು ರಾಜ್ಯದ ಗಡಿ ದಾಟಿಯೂ ನಡೆಯುತ್ತದೆ. ಬರೀ ಆಂಧ್ರ ಸರ್ಕಾರದ ಕಾರ್ಡಾದರೆ ಹೊರಡುವ ಮುಂಚೆಯೇ ವಿಚಾರಿಸುವುದು ಒಳ್ಳೆಯದು. ಆಯುಷ್ಮಾನ್ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104.