‘ಕಿಲ್ನ್ ಕೀಲಿ ನನ್ನ ಹತ್ತಿರ, ಮಾತು ಮಾತ್ರ ಯಾರೂ ಕೇಳಲ್ಲ’

ಅಕ್ಕಾ,
ನಾನು ವಿಶ್ವವಿದ್ಯಾಲಯವೊಂದರ ದೃಶ್ಯಕಲಾ ವಿಭಾಗದಲ್ಲಿ ಶಿಲ್ಪ ಮತ್ತು ಸೆರಾಮಿಕ್ ಸ್ಟುಡಿಯೊಗಳ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಎಂವಿಎ ಮುಗಿಸಿ ಗುತ್ತಿಗೆ ಮೇಲೆ ಸೇರಿದವಳು. ಹೋದ ತಿಂಗಳು ಮೂರನೇ ವರ್ಷದ ಹುಡುಗ ಮಾಡಿದ ಮಣ್ಣಿನ ತಲೆಯೊಂದು ಕಿಲ್ನ್ ಒಳಗೆ ಸಿಡಿದು, ಅಕ್ಕಪಕ್ಕ ಇಟ್ಟಿದ್ದ ಎಂಟು ಮಂದಿಯ ಕೆಲಸ ಚೂರಾಯಿತು. ‘ಇನ್ನೂ ಒಣಗಿಲ್ಲ’ ಎಂದು ನಾನು ಹೇಳಿದ್ದೆ. ‘ಇಂಟರ್ನಲ್ಸ್ ಹತ್ತಿರ ಬಂತು, ಇಟ್ಟುಬಿಡಿ’ ಅಂದವರು ನಮ್ಮ ಸರ್. ಈಗ ಬೈಗುಳವೆಲ್ಲ ನನಗೆ. ಸರ್ ಅವರ ಹೊರಗಿನ ಆರ್ಡರ್‌ಗಳೂ ಇದೇ ಕಿಲ್ನಿನಲ್ಲಿ ಸುಡುತ್ತವೆ. ಅವು ಬಂದಾಗ ಮಕ್ಕಳ ಕೆಲಸ ಹಿಂದೆ ಸರಿಯುತ್ತದೆ. ರಾತ್ರಿ ಹತ್ತಕ್ಕೆ ಕೀಲಿ ಕೇಳಿ ಫೋನ್ ಬರುತ್ತದೆ. ಅಟೆಂಡರ್ ಅಣ್ಣ ದಿನಾ ಗುಡಿಸಿದರೂ ಸಂಜೆಗೆ ಮತ್ತೆ ಧೂಳು, ಇಬ್ಬರಿಗೂ ಕೆಮ್ಮು ಬೇರೆ. ನಾನು ತಿಗರಿ ಮುಟ್ಟಿ ವರ್ಷವಾಗುತ್ತಾ ಬಂತು. ಕೆಲಸ ಬಿಟ್ಟುಬಿಡಲೇ?
– ಹೆಸರು ಬೇಡ

ಸಿಡಿದ ತಲೆಯ ಕಥೆಯನ್ನು ನೀವು ಪುಟಗಟ್ಟಲೆ ಬರೆದಿದ್ದಿರಿ, ಜಾಗ ಸಾಲದೆ ಇಲ್ಲಿ ಕತ್ತರಿಸಿದ್ದೇವೆ. ಧೂಳಿನದು ಮಾತ್ರ ಮೂಲದಲ್ಲೂ ಒಂದೇ ಸಾಲು. ನನಗೆ ನಿದ್ದೆ ಕೆಡಿಸಿದ್ದು ಆ ಸಾಲು, ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಒಣಗಿದ ಜೇಡಿಮಣ್ಣಿನ ಪುಡಿಯಲ್ಲಿ, ಗ್ಲೇಜಿಗೆ ಹಾಕುವ ಕ್ವಾರ್ಟ್ಸ್‌ನಲ್ಲಿ, ಪಕ್ಕದ ಕೋಣೆಯಲ್ಲಿ ಗ್ರಾನೈಟ್ ಕೆತ್ತುವಾಗ ಏಳುವ ಹೊಗೆಯಂಥ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ಕಣ ಮೂಗು, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಕೂತು ಗಾಯ ಮಾಡುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರನ್ನು, ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಸ್ಲೇಟಿನ ಕಡ್ಡಿ ಕೊಯ್ಯುತ್ತಿದ್ದವರನ್ನು ತಿಂದದ್ದು ಇದೇ ಕಾಯಿಲೆ. ಬಂದಮೇಲೆ ವಾಸಿಮಾಡುವ ಔಷಧಿ ಇಲ್ಲ. ಕಾಲೇಜು ಸ್ಟುಡಿಯೊವನ್ನು ಗಣಿಗೆ ಸಮ ಮಾಡಿ ಹೆದರಿಸುತ್ತಿಲ್ಲ. ನಿಮ್ಮ ಕೆಮ್ಮು ಬರೀ ಅಲರ್ಜಿಯೂ ಇರಬಹುದು, ಅದನ್ನು ಡಾಕ್ಟರು ಹೇಳಲಿ. ಆದರೆ ಲೆಕ್ಕ ನೋಡಿ: ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾನೆ, ಸರ್ ವಾರಕ್ಕೆ ಕೆಲವು ಗಂಟೆ ಒಳಗಿರುತ್ತಾರೆ. ರಿಟೈರ್ ಆಗುವವರೆಗೆ ಅದೇ ಕೋಣೆಯಲ್ಲಿ ಪೊರಕೆ ಹಿಡಿಯಬೇಕಾದವರು ಅಟೆಂಡರ್ ಅಣ್ಣ.

ಆ ಪೊರಕೆಯನ್ನು ನಾಳೆಯೇ ಹೊರಗೆ ಹಾಕಿ. ಸೆರಾಮಿಕ್ ಸ್ಟುಡಿಯೊದಲ್ಲಿ ಒಣ ಗುಡಿಸುವುದೆಂದರೆ ಕೆಳಗೆ ಕೂತ ಕಣವನ್ನು ಎಬ್ಬಿಸಿ ಮೂಗಿಗೆ ಕಳಿಸುವುದು. ಮೇಜನ್ನು ಒದ್ದೆ ಸ್ಪಂಜಿನಿಂದ, ನೆಲವನ್ನು ಒದ್ದೆ ಮಾಪಿನಿಂದ ಒರೆಸಬೇಕು, ಅದೂ ಮಣ್ಣು ಒಣಗುವ ಮುಂಚೆ, ಕ್ಲಾಸ್ ಮುಗಿದ ಕೂಡಲೇ, ಕೆಲಸ ಮಾಡಿದ ಮಕ್ಕಳ ಕೈಯಲ್ಲೇ. ಒಣಗಿದ ಪಾತ್ರೆಗೆ ಮರಳುಕಾಗದ ತಿಕ್ಕುವುದು ಬಂದ್. ಗ್ಲೇಜ್ ಪುಡಿ ಕಲಸುವಾಗ ಎನ್95 ಮಾಸ್ಕ್, ಕರ್ಚೀಫು ನಡೆಯುವುದಿಲ್ಲ. ಕಲ್ಲು ಕೆತ್ತನೆ ಆದಷ್ಟೂ ಬಯಲಿನಲ್ಲಿ, ನೀರು ಹಾಯಿಸುತ್ತಾ ನಡೆಯಲಿ. ನೀವಿಬ್ಬರೂ ಈ ವಾರ ಎದೆಯ ಡಾಕ್ಟರ ಹತ್ತಿರ ಹೋಗಿ, ಯಾವ ಕೋಣೆಯಲ್ಲಿ ಏನು ಕೆಲಸ, ಎಷ್ಟು ವರ್ಷದಿಂದ ಎಂದು ಬಿಡಿಸಿ ಹೇಳಿ. ಹೇಳದಿದ್ದರೆ ಅವರು ಕೆಮ್ಮಿನ ಸಿರಪ್ ಬರೆದು ಕಳಿಸುತ್ತಾರೆ.

ಈಗ ಆ ತಲೆ. ‘ಒಳಗೆ ಗಾಳಿಗುಳ್ಳೆ ಇತ್ತು’ ಎಂದು ಯಾರೋ ತೀರ್ಪು ಕೊಟ್ಟಿರುತ್ತಾರೆ, ಎಲ್ಲ ಕಾಲೇಜಿನಲ್ಲೂ ಈ ಮಾತಿದೆ. ಸಿಡಿಸುವುದು ನೀರು. 100 ಡಿಗ್ರಿ ದಾಟಿದೊಡನೆ ಮಣ್ಣಿನೊಳಗಿನ ಒದ್ದೆ ಆವಿಯಾಗಿ, ಇದ್ದದ್ದಕ್ಕಿಂತ ಸಾವಿರದ ಏಳುನೂರು ಪಟ್ಟು ಹಿಗ್ಗಲು ನೋಡುತ್ತದೆ. ದಪ್ಪ ಗೋಡೆಯೊಳಗಿಂದ ದಾರಿ ಸಿಗದಿದ್ದರೆ ಒಡೆದುಕೊಂಡು ಬರುತ್ತದೆ. ಶಿಲ್ಪದ ಮಕ್ಕಳು ತಲೆಯನ್ನು ಗಟ್ಟಿಯಾಗಿ ತುಂಬಿ ಮಾಡುತ್ತಾರೆ, ಕುಂಬಾರಿಕೆ ಕಲಿತವರು ಹಾಗೆ ಮಾಡುವುದಿಲ್ಲ. ಎರಡು ಸ್ಟುಡಿಯೊಗೆ ಒಂದೇ ಕಿಲ್ನ್ ಆದಾಗ ಬರುವ ತಾಪತ್ರಯ ಇದು. ತಲೆಯನ್ನು ಕೊಯ್ದು ಒಳಗಿನ ಮಣ್ಣು ತೋಡಿ, ಗೋಡೆ ಹೆಬ್ಬೆರಳಿನ ದಪ್ಪಕ್ಕೆ ಬಂದಮೇಲೆ ಜೋಡಿಸಿ ಒಣಗಿಸಲಿ. ತಳವನ್ನು ಕೆನ್ನೆಗೆ ಇಟ್ಟು ನೋಡಿ, ತಣ್ಣಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ. ಅನುಮಾನವಿದ್ದರೆ ರಾತ್ರಿಯಿಡೀ ಕಿಲ್ನನ್ನು 80–90 ಡಿಗ್ರಿಯಲ್ಲಿ ಹಿಡಿದಿಟ್ಟು ಆಮೇಲೆ ಏರಿಸಿ. ದೊಡ್ಡದೇ ಬೇಕೆನ್ನುವ ಹುಡುಗನಿಗೆ ರಾಮ್‌ಕಿಂಕರ್ ಬೈಜ್ ಅವರ ‘ಸಂಥಾಲ್ ಕುಟುಂಬ’ದ ಚಿತ್ರ ತೋರಿಸಿ. 1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ಸಿಮೆಂಟು, ಜಂಬಿಟ್ಟಿಗೆಯ ಜಲ್ಲಿ ಕಲಸಿ ಕಟ್ಟಿದ್ದು. ಅದಕ್ಕೆ ಕಿಲ್ನೂ ಬೇಕಾಗಲಿಲ್ಲ, ಸರದಿಯೂ ಬೇಕಾಗಲಿಲ್ಲ.

ಇಷ್ಟೆಲ್ಲ ನಿಮಗೆ ಗೊತ್ತು. ‘ಒಣಗಿಲ್ಲ’ ಎಂದು ಹೇಳಿಯೂ ಇದ್ದಿರಿ. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿದ್ದದ್ದು ಯಾಕೆಂದರೆ, ನಿಮ್ಮ ‘ಇಲ್ಲ’ ಬರೀ ಬಾಯಿಮಾತಾಗಿತ್ತು. ಗುತ್ತಿಗೆಯವಳ ಬಾಯಿಮಾತನ್ನು ಪ್ರೊಫೆಸರರ ಬಾಯಿಮಾತು ಸುಲಭವಾಗಿ ಮೀರುತ್ತದೆ. ಒಂದು ದಪ್ಪ ರಿಜಿಸ್ಟರ್ ತನ್ನಿ. ದಿನಾಂಕ, ಯಾರ ಕೆಲಸ, ಯಾವ ಉದ್ದೇಶಕ್ಕೆ, ಮಣ್ಣು ಯಾವುದು, ಗೋಡೆ ಎಷ್ಟು ದಪ್ಪ, ಒಣಗಿದೆ ಎಂದು ನೋಡಿದವರ ಸಹಿ. ನಿಮ್ಮ ಸಹಿ ಇಲ್ಲದ್ದು ಒಳಗೆ ಹೋಗಬೇಕಾದರೆ ಪಕ್ಕದ ಅಂಕಣದಲ್ಲಿ ‘ನನ್ನ ಜವಾಬ್ದಾರಿ’ ಎಂದು ಇಡಿಸಿದವರು ಬರೆಯಲಿ. ಸರ್ ಅಲ್ಲಿ ಸಹಿ ಹಾಕುತ್ತಾರೋ ಇಲ್ಲವೋ, ಪೆನ್ನು ಹಿಡಿದಾಗ ಒಂದು ಗಳಿಗೆ ಯೋಚಿಸುವುದಂತೂ ಖಂಡಿತ.

ಅವರ ಆರ್ಡರ್ ಕೆಲಸದ ಬಗ್ಗೆ ಮುಖಾಮುಖಿ ಜಗಳ ಬೇಡ, ನೀವು ಗೆಲ್ಲುವುದಿಲ್ಲ. ‘ಯಾವ ಉದ್ದೇಶಕ್ಕೆ’ ಅಂಕಣದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾ ಹೋಗಿ. ಕರೆಂಟು ಬಿಲ್ಲು ವಿಶ್ವವಿದ್ಯಾಲಯದ್ದು, ರಿಜಿಸ್ಟರ್ ಆಡಿಟ್‌ಗೆ ಹೋಗುವಂಥದ್ದು. ವಿಭಾಗದ ಸಭೆಯಲ್ಲಿ ‘ಹೊರಗಿನ ಕೆಲಸಕ್ಕೆ ಶುಲ್ಕ ಎಷ್ಟು ಸರ್, ಸರದಿ ಯಾವಾಗ?’ ಎಂದು ಎಲ್ಲರೆದುರು ವಿನಯದಿಂದ ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ರಾತ್ರಿ ಫೋನಿಗೆ ಮದ್ದು ಕ್ಯಾಲೆಂಡರ್. ಬಿಸ್ಕ್ ಸುಟ್ಟು, ಆರಿ, ಇಳಿಸುವಷ್ಟರಲ್ಲಿ ಎರಡು ಮೂರು ದಿನ. ಗ್ಲೇಜಿಗೆ ಮತ್ತೆ ಅಷ್ಟೇ. ಒಣಗಲು ಬೇಸಿಗೆಯಲ್ಲೂ ವಾರ ಹತ್ತು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ, ಹಸಿ ಮಣ್ಣು ಮುಟ್ಟಲು ಕಡೇ ದಿನ ಯಾವುದು ಎಂದು ಸೆಮಿಸ್ಟರ್ ಮೊದಲ ವಾರದಲ್ಲೇ ಬಾಗಿಲಿಗೆ ಅಂಟಿಸಿ. ಆ ದಿನ ದಾಟಿದವರು ಹಸಿ ಮಣ್ಣಿನ ಕೆಲಸವನ್ನೇ ಫೋಟೊ ಸಮೇತ ಜ್ಯೂರಿಗೆ ಇಡಲಿ. ಉರಿಯುವ ಕಿಲ್ನ್ ಇರುವ ಕಟ್ಟಡದ ಕೀಲಿ ರಾತ್ರಿ ಹತ್ತಕ್ಕೆ ವಿದ್ಯಾರ್ಥಿಯ ಕೈಗೆ ಹೋಗಕೂಡದು. ಇದಕ್ಕೆ ಚರ್ಚೆಯೇ ಇಲ್ಲ.

ನೀವು ಬರೆಯದ ಒಂದು ವಿಷಯ ಕೇಳಲೇಬೇಕು: ಸ್ಟೋರಿನ ಹಳೇ ಬೀರು. ಚೀಟಿ ಕಿತ್ತುಹೋದ ಡಬ್ಬಗಳು ಇದ್ದೇ ಇರುತ್ತವೆ. ಕೆಂಪಗಿನ ಪುಡಿ ಕಾವಿಯೋ ಸೀಸದ ಸಿಂಧೂರವೋ ಎಂದು ಮುಟ್ಟಿ ಊಹಿಸಬೇಡಿ. ಗುರುತಿಲ್ಲದ್ದನ್ನು ಪಟ್ಟಿ ಮಾಡಿ, ವಿಲೇವಾರಿ ಮಾಡಿಸಿ ಎಂದು ರಿಜಿಸ್ಟ್ರಾರರಿಗೆ ಪತ್ರ ಹಾಕಿ. ಫೈಬರ್ ಎರಕದ ಹಾರ್ಡ್‌ನರ್ ಮತ್ತು ಕೋಬಾಲ್ಟ್ ಒಂದೇ ಅರೆಯಲ್ಲಿದ್ದರೆ ಇವತ್ತೇ ಬೇರೆ ಬೇರೆ ಕಡೆ ಇಡಿ. ರೆಸಿನ್‌ಗೆ ಹಾಕದೆ ಅವೆರಡೇ ಒಂದಕ್ಕೊಂದು ತಾಗಿದರೆ ಬೆಂಕಿಯೇಳುತ್ತದೆ, ಸ್ಫೋಟವೂ ಆಗಬಹುದು. ಪಿಒಪಿ ತೊಳೆದ ನೀರನ್ನು ಸಿಂಕಿಗೆ ಸುರಿಯುವ ಅಭ್ಯಾಸವನ್ನೂ ಬಿಡಿಸಿ, ಪೈಪಿನೊಳಗೇ ಕಲ್ಲಾಗುತ್ತದೆ.

ಇನ್ನು ಕೆಲಸ ಬಿಡುವ ಮಾತು. ಈಗಲೇ ಬಿಟ್ಟರೆ ತಲೆ ಸಿಡಿಸಿದವಳು ಎಂಬ ಹೆಸರು ಹೊತ್ತು ಹೊರಡುತ್ತೀರಿ, ನಿಮ್ಮ ಜಾಗಕ್ಕೆ ಬರುವವಳಿಗೂ ಅದೇ ಪೊರಕೆ ಕಾದಿರುತ್ತದೆ. ಒಂದು ಸೆಮಿಸ್ಟರ್ ರಿಜಿಸ್ಟರ್ ನಡೆಸಿ. ಅದರಲ್ಲಿ ತಿಂಗಳಿಗೊಂದು ಸರದಿ ನಿಮ್ಮ ಹೆಸರಿಗೂ ಬರೆದುಕೊಳ್ಳಿ, ಉದ್ದೇಶದ ಅಂಕಣದಲ್ಲಿ ‘ಸ್ವಂತ ಕೆಲಸ’ ಎಂದೇ ಹಾಕಿ, ಶುಲ್ಕ ಗೊತ್ತಾದರೆ ಕಟ್ಟಿ. ಮಾಸ್ಕು, ಮಾಪು, ಸ್ಪಂಜಿನ ಇಂಡೆಂಟಿಗೂ ಸಹಿ ಹಾಕದ ವಿಭಾಗವಾದರೆ ಆಗ ಬಿಡಿ. ಬಿಡುವ ಮುನ್ನ ಅನುಭವದ ಪ್ರಮಾಣಪತ್ರದ ಜೊತೆಗೆ ಆ ರಿಜಿಸ್ಟರಿನಲ್ಲಿ ನೀವು ಬರೆದ ಪುಟಗಳ ದೃಢೀಕೃತ ನಕಲನ್ನೂ ಕೇಳಿ ತೆಗೆದುಕೊಳ್ಳಿ.