ಮಂಗ ಮತ್ತು ಮಾಲುವಾ ಬಳ್ಳಿ

🪷 *ದಿನಕ್ಕೊಂದು ಧಮ್ಮ ಚಿಂತನೆ* 🪷



*ಇಂದಿನ ಓದು:* ಧಮ್ಮಪದ, ತಣ್ಹಾವಗ್ಗ, 334ನೆಯ ಗಾಥೆ.

ತಣ್ಹಾ ಎಂದರೆ ತೃಷ್ಣೆ. ಈ ಒಂದೇ ಗಾಥೆಯಲ್ಲಿ ಭಗವಾನರು ಎರಡು ಹೋಲಿಕೆ ಕೊಟ್ಟಿದ್ದಾರೆ. ತೃಷ್ಣೆ ಬೆಳೆಯುವ ಬಗೆಗೆ ಮಾಲುವಾ ಬಳ್ಳಿ, ಅದಕ್ಕೆ ಸಿಕ್ಕ ಮನುಷ್ಯ ಅಲೆಯುವ ಬಗೆಗೆ ಕಾಡಿನ ಮಂಗ. ಒಂದು ಸಾಲದೆ ಎರಡು ಯಾಕೆ ಎಂದು ಬಹಳ ದಿನ ಯೋಚಿಸಿದ್ದೇನೆ.

*ಮಂಗ:* ಉತ್ತರದ ರೀಸಸ್ ಮಂಗಕ್ಕೂ ನಮ್ಮ ಟೋಪಿ ಮಂಗಕ್ಕೂ ಕೆನ್ನೆಯೊಳಗೆ ಚೀಲವಿದೆ. ಸಿಕ್ಕಿದ್ದನ್ನು ಅಲ್ಲಿ ತುರುಕಿಕೊಂಡು, ಅಗಿಯುವ ಮೊದಲೇ ಮುಂದಿನದಕ್ಕೆ ಕೈ ಚಾಚುತ್ತದೆ. ಗಲಾಟೆ ಮಾಡುವುದರಿಂದ ಬೇಗ ಕಣ್ಣಿಗೆ ಬೀಳುತ್ತದೆ.

*ಬಳ್ಳಿ:* ಮಾಲುವಾ ಎಂದರೆ ಬೌಹಿನಿಯಾ ವಾಹ್ಲಿಯೈ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ನಮ್ಮ ಬಸವನಪಾದದ ನೆಂಟ. ಅದೇ ಗೊರಸಿನಾಕಾರದ ಎಲೆ, ಆದರೆ ಬಹಳ ದೊಡ್ಡದು. ಜನ ಅದರಿಂದ ಪತ್ರಾವಳಿ ಮಾಡುತ್ತಾರೆ. ಹೂವು ಬಿಳಿ.

ಮಜ್ಝಿಮ ನಿಕಾಯದ 45ನೆಯ ಸುತ್ತದಲ್ಲಿ ಇದರ ಕಥೆಯಿದೆ. ಬೇಸಿಗೆಯ ಕೊನೆಗೆ ಕಾಯಿ ಸಿಡಿದು ಬೀಜವೊಂದು ಸಾಲ್ ಮರದ ಬುಡಕ್ಕೆ ಬೀಳುತ್ತದೆ. ಮರದ ದೇವತೆಗೆ ಭಯ. ನೆಂಟರು ಬಂದು, ನವಿಲು ನುಂಗೀತು, ಜಿಂಕೆ ತಿಂದೀತು ಎಂದು ಸಮಾಧಾನ ಹೇಳುತ್ತಾರೆ. ಯಾವುದೂ ಆಗುವುದಿಲ್ಲ. ಮಳೆಗೆ ಮೊಳೆತ ಬಳ್ಳಿ ಎಳೆಯದು, ಮುಟ್ಟಿದರೆ ಹಿತ. ಇದಕ್ಕಾ ನಾನು ಹೆದರಿದ್ದು ಅಂದುಕೊಳ್ಳುತ್ತದೆ ದೇವತೆ. ಕೊನೆಗೆ ಆ ಬಳ್ಳಿಯೇ ಮರವನ್ನು ಮುಸುಕಿ ದೊಡ್ಡ ಕೊಂಬೆಗಳನ್ನು ಮುರಿಯುತ್ತದೆ.

*ನನ್ನ ಅನುಭವ:* ಧ್ಯಾನಕ್ಕೆ ಕೂತರೆ ಮನಸ್ಸು ಮಂಗನ ಹಾಗೆ ಹಾರುತ್ತದೆ ಎಂದು ನಮ್ಮ ಕೂಟದಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೇ ದಿನಗಳಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಮೊಬೈಲಿನಲ್ಲಿ ಷೇರು ವ್ಯವಹಾರ ಶುರು ಮಾಡಿದ್ದೆ. ಹಾಕಿದ್ದು 2,000 ರೂಪಾಯಿ. ಮೊದಲ ತಿಂಗಳು ಲಾಭ ಬಂತು, ಮನೆಗೆ ಸಿಹಿ ತಂದೆ. ಎಲ್ಲಿಂದ ಬಂದ ಹಣ ಎಂದು ಮಾತ್ರ ಹೇಳಲಿಲ್ಲ. ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟಿದ್ದು ಕರಗಿಹೋದ ಮೇಲೆ ನನಗೆ ಎಚ್ಚರವಾಯಿತು. ಕಳೆದ ತಿಂಗಳು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಮೊದಲ ದಿನವೇ ಹೇಳಬಾರದಿತ್ತಾ?" ಅಂದಳು. ಆ ಹಣವನ್ನು ಇನ್ನೂ ಹೊಂದಿಸುತ್ತಿದ್ದೇವೆ.

ಎರಡು ಹೋಲಿಕೆ ಯಾಕೆಂದು ಆಗ ತಿಳಿಯಿತು. ಧ್ಯಾನದಲ್ಲಿ ನಾನು ಮಂಗವನ್ನಷ್ಟೇ ಕಾಯುತ್ತಿದ್ದೆ. ಬುಡದಲ್ಲಿ ಹಬ್ಬುತ್ತಿದ್ದುದು ಹಿತವಾಗಿತ್ತು, ಆದ್ದರಿಂದ ನೋಡಲೇ ಇಲ್ಲ.

*ಇಂದಿನ ಅಭ್ಯಾಸ:* ಧ್ಯಾನ ಮುಗಿದ ಮೇಲೆ ಎರಡು ನಿಮಿಷ ಹಾಗೆಯೇ ಕುಳಿತಿರಿ. ನನಗೆ ಹಿತವಾಗಿದ್ದು, ಮನೆಯವರಿಗೆ ಹೇಳದೆ ಇರುವುದು ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ಇದ್ದರೆ, ಅದು ಎಳೆಯದಿರುವಾಗಲೇ ಒಬ್ಬರಿಗೆ ಹೇಳಿ.

ಭವತು ಸಬ್ಬ ಮಂಗಲಂ 🙏