ಊರಿನ ಹಿರಿಯರನ್ನು ದೊಡ್ಡ ಹೋಟೆಲಿಗೆ ಕರೆದೊಯ್ಯುವವರಿಗೆ

ನಮ್ಮೂರು ವಳಕಮದಿನ್ನಿಯಿಂದ ಹಿರಿಯರು ಬೆಂಗಳೂರಿಗೆ ಬಂದರೆ, ಬಂದ ಕೆಲಸ ಮುಗಿದ ಮೇಲೆ ಒಂದು ಸಂಜೆ ಹೊರಗೆ ಊಟ ಮಾಡಿಸುವುದು ನಮ್ಮ ಮನೆಯ ರೂಢಿ. ಥಾಯ್, ಇಟಾಲಿಯನ್, ಲೆಬನೀಸ್, ಜಪಾನಿ ಎಂದು ಹಲವು ಕಡೆ ಕರೆದೊಯ್ದಿದ್ದೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮಕ್ಕಳು ಈಗ ಈ ಊರಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬೇಕಾದೀತೆಂದು ಇದನ್ನು ಬರೆದಿದ್ದೇನೆ.

1. ಟೇಬಲ್ ಕಾಯ್ದಿರಿಸುವಾಗಲೇ ಉಡುಪಿನ ಮಾತು ಮುಗಿಸಿ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದಾರೆಂದು ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಬೇಕಾಯಿತು. ಅಂಥ ಅವಮಾನ ಆದ ಮೇಲೆ ಯಾವ ಕ್ರಮ ಕೈಗೊಂಡರೂ ಹಿರಿಯರ ಆ ಸಂಜೆ ಮರಳಿ ಬರುವುದಿಲ್ಲ. ಹಾಗಾಗಿ ನಾನು ಫೋನಿನಲ್ಲೇ ಹೇಳುತ್ತೇನೆ: ನಮ್ಮ ಕಾಕಾ ಧೋತರ ಉಟ್ಟು ಬರುತ್ತಾರೆ, ಕೈಯಲ್ಲೇ ಊಟ ಮಾಡುತ್ತಾರೆ, ಕೈ ತೊಳೆಯಲು ಬಿಸಿನೀರಿನ ಬಟ್ಟಲು ಬೇಕು. ಆ ಕಡೆಯವರು ತಡವರಿಸಿದರೆ ಆ ಜಾಗವೇ ಬೇಡ.

2. ದೇಶ ನೋಡಿ ಹೋಟೆಲ್ ಆರಿಸಿ. ವೆಸ್ಟ್ ಎಂಡ್‌ನ ಬ್ಲೂ ಜಿಂಜರ್‌ನಲ್ಲಿ ವಿಯೆಟ್ನಾಂ ಅಡುಗೆ, ಒಬೆರಾಯ್‌ನ ರಿಮ್ ನಾಮ್‌ನಲ್ಲಿ ಥಾಯ್, ಐಟಿಸಿ ಗಾರ್ಡೇನಿಯಾದ ಎಡೊದಲ್ಲಿ ಜಪಾನಿ ಎಂದು ಬೆಂಗಳೂರು ಹೆಸರು ಮಾಡಿದೆ. ಆದರೆ ಮೊದಲ ಸಲ ಬಂದ ಹಿರಿಯರಿಗೆ ನಾನು ಆರಿಸುವುದು ಲೆಬನೀಸ್ ಅಡುಗೆಯನ್ನೇ. ಹಮ್ಮಸ್ ಎಂದರೆ ಕಾಬೂಲಿ ಕಡಲೆ, ಎಳ್ಳಿನ ಪೇಸ್ಟ್, ಬೆಳ್ಳುಳ್ಳಿ, ನಿಂಬೆರಸ. ಬಾಬಾ ಗನೂಷ್ ಎಂದರೆ ಬೆಂಕಿಯಲ್ಲಿ ಸುಟ್ಟ ಬದನೆಕಾಯಿ. ರೊಟ್ಟಿ, ಹಿಂಡಿ ಉಂಡು ಬೆಳೆದವರು ಎರಡನೇ ತುತ್ತಿಗೇ ಅದನ್ನು ತಮ್ಮದು ಮಾಡಿಕೊಳ್ಳುತ್ತಾರೆ.

3. "ವೆಜ್ ಇದೆಯಾ?" ಎಂಬ ಪ್ರಶ್ನೆ ಸಾಲದು. ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರಿದ್ದಾರೆ, ಅವರ ನಂಬಿಕೆಯ ಹೊಣೆ ಕರೆದುಕೊಂಡು ಹೋದ ನನ್ನದು. ಕಣ್ಣಿಗೆ ತರಕಾರಿಯಷ್ಟೇ ಕಾಣುವ ಥಾಯ್ ಕರಿಯ ಮಸಾಲೆಯಲ್ಲಿ ಸಾಮಾನ್ಯವಾಗಿ ಸೀಗಡಿ ಪೇಸ್ಟ್ ಇರುತ್ತದೆ, ಮೇಲೆ ಮೀನಿನ ಸಾಸ್ ಬೀಳುತ್ತದೆ. ಹಸಿ ಪಪ್ಪಾಯಿಯ ಸಲಾಡಿನಲ್ಲಿ ನಮ್ಮ ಶೇಂಗಾ ಕಂಡು ಖುಷಿಯಾಗುತ್ತದೆ, ಅದರಲ್ಲೂ ಮೀನಿನ ಸಾಸ್ ಇರುತ್ತದೆ. ಜಪಾನಿನ ಮಿಸೊ ಸೂಪಿಗೆ ಒಣಮೀನಿನ ಚಕ್ಕೆಯಿಂದ ತೆಗೆದ ದಾಶಿ ಆಧಾರ. ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಎಳೆಗರುವಿನ ಹೊಟ್ಟೆಯ ರೆನೆಟ್ ಬೇಕು. ಪನ್ನಾ ಕೋಟಾ ಗಟ್ಟಿಯಾಗುವುದು ಜೆಲಟಿನ್‌ನಿಂದ. ತಿರಮಿಸುವಿನಲ್ಲಿ ಮೊಟ್ಟೆ, ಹಲವು ಕಡೆ ಮದ್ಯವೂ ಇರುತ್ತದೆ. ರಿಸೊಟ್ಟೊಗೆ ವೈನ್ ಹಾಕುವುದು ವಾಡಿಕೆ. ಹಾಗಾಗಿ ಒಂದೊಂದರ ಹೆಸರು ಹಿಡಿದು ಕೇಳಿ: ಮೀನಿನ ಸಾಸ್ ಇದೆಯೇ, ಸಿಂಪಿ ಸಾಸ್ ಇದೆಯೇ, ಜೆಲಟಿನ್ ಇದೆಯೇ? ಹಿಂದಿನ ದಿನವೇ ತಿಳಿಸಿದರೆ ಒಳ್ಳೆಯ ಅಡುಗೆಮನೆಗಳು ಮಸಾಲೆಯನ್ನೇ ಬೇರೆ ಅರೆದುಕೊಡುತ್ತವೆ. ಟೇಬಲಿಗೆ ಬಂದು ಕೂತ ಮೇಲೆ ಹೇಳಿದರೆ ಅವರಿಗೂ ಕಷ್ಟ.

4. ಅಕ್ಕಿಯ ಮಾತನ್ನು ಹಿರಿಯರಿಗೇ ಬಿಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಸೋನಾ ಮಸೂರಿ ಬೆಳೆದವರಿಗೆ ಉದುರುದುರಾದರೇ ಅನ್ನ. ರಿಸೊಟ್ಟೊ ಬಂದರೆ "ಅಕ್ಕಿ ಬೆಂದಿಲ್ಲ" ಅನ್ನುತ್ತಾರೆ, ಅದು ಸರಿಯೂ ಹೌದು. ಆರ್ಬೋರಿಯೊ ಅಕ್ಕಿಗೆ ತರಕಾರಿ ಬೇಯಿಸಿದ ನೀರನ್ನು ಸೌಟು ಸೌಟಾಗಿ ಹಾಕಿ ತಿರುವುತ್ತ, ಕಾಳಿನ ನಡುವೆ ಚೂರು ಬಿಗಿ ಉಳಿಯುವಂತೆ ಬೇಯಿಸುತ್ತಾರೆ. ಸುಶಿಯ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಅದಕ್ಕೇ ಅಂಟುತ್ತದೆ. ಇದನ್ನು ಮೊದಲೇ ಹೇಳಿದರೆ ಹಿರಿಯರ ಕುತೂಹಲ ಕೆರಳುತ್ತದೆ. ಒಮ್ಮೆ ಶೆಫ್ ಹೊರಗೆ ಬಂದು ಹಸಿ ಆರ್ಬೋರಿಯೊವನ್ನೇ ಬಟ್ಟಲಲ್ಲಿ ತಂದು ಕೊಟ್ಟರು. ಕಾಕಾ ಎರಡು ಕಾಳು ಹಲ್ಲಿಗೆ ಹಾಕಿ ನೋಡಿ, "ಎಷ್ಟು ತಿಂಗಳ ಬೆಳಿ ರೀ ಇದು? ಗದ್ದ್ಯಾಗ ನೀರು ನಿಲ್ಲಿಸ್ತಾರೇನು?" ಎಂದು ಕೇಳಿದರು. ಆಮೇಲೆ ಇಬ್ಬರೂ ನಮ್ಮನ್ನು ಮರೆತು ಮಾತಾಡಿದರು. ನಾನು ಕಂಡ ಒಳ್ಳೆಯ ಊಟಗಳಲ್ಲಿ ಅದೂ ಒಂದು.

5. ಒಂದಾದ ಮೇಲೊಂದು ಬರುವ ಪದ್ಧತಿ ಬೇಡವೆನ್ನಿ. ಎಲ್ಲವನ್ನೂ ನಡುವೆ ಒಟ್ಟಿಗೇ ಇಡಲಿ. ಏಳಕ್ಕೇ ಹೋಗಿ, ತಡವಾಗಿ ಉಂಡರೆ ಅವರಿಗೆ ನಿದ್ದೆ ಇಲ್ಲ.

6. ಬಿಲ್ಲನ್ನು ಹಿರಿಯರ ಮುಂದೆ ಇಡಿಸಬೇಡಿ. ಅವರು ಅದನ್ನು ಭತ್ತದ ಚೀಲಗಳಲ್ಲಿ ಲೆಕ್ಕ ಹಾಕುತ್ತಾರೆ, ಉಂಡ ಅನ್ನ ಗಂಟಲಲ್ಲೇ ನಿಲ್ಲುತ್ತದೆ. ಎದ್ದು ಕೌಂಟರಿಗೆ ಹೋಗಿ ಕೊಡಿ, ಕೊಡುವ ಮುಂಚೆ ಓದಿ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5, ರೂಮಿನ ದಿನದ ಬಾಡಿಗೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲುಗಳ ಒಳಗಾದರೆ ಶೇ 18. ಸರ್ವಿಸ್ ಚಾರ್ಜ್ ಬೇರೆ. ಅದನ್ನು ಬಲವಂತವಾಗಿ ಹಾಕುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಅದನ್ನು ತೆಗೆಸಿ, ಬಡಿಸಿದ ಹುಡುಗನ ಕೈಗೇ ದುಡ್ಡು ಕೊಡುತ್ತೇನೆ. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ನಂಬರ್ 1915. ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದ ಇಸವಿಯೂ ಅದೇ, ನಮ್ಮ ಕಡೆಯವರಿಗೆ ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ.